ಎಲೆ ಡಾಕ್ಟರ್ ನೋಡದ ಕುಂಡ

ಬೀಜ-ಗೊಬ್ಬರದ ಅಂಗಡಿಯವನಿಗೆ ಊರೆಲ್ಲ ಎಲೆ ಡಾಕ್ಟರ್ ಅಂತಲೇ ಹೆಸರು. ಓದಿದ್ದು ಏಳನೇ ಕ್ಲಾಸು, ಜಂಬ ಮಾತ್ರ ದೊಡ್ಡಾಸ್ಪತ್ರೆಯ ತಜ್ಞನದು. ಜನ ರೋಗದ ಎಲೆಗಳನ್ನು ಕವರಿನಲ್ಲಿ, ಕರ್ಚೀಫಿನಲ್ಲಿ, ಒಬ್ಬ ಮೇಷ್ಟ್ರಂತೂ ಕನ್ನಡಕದ ಡಬ್ಬಿಯಲ್ಲಿ ತರುತ್ತಿದ್ದರು. ಇವನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ತೀರ್ಪು ಕೊಟ್ಟೇಬಿಡುತ್ತಿದ್ದ. ಎಲೆಯಡಿ ಬಿಳಿ ಹತ್ತಿಯಂಥ ಹುಳವೇ? ಸೋಪಿನ ನೀರಲ್ಲಿ ಒರೆಸಿ. ಅಂಚು ಸುಟ್ಟಿದೆಯೇ? ಗೊಬ್ಬರ ಜಾಸ್ತಿಯಾಯ್ತು, ಪ್ರೀತಿ ಕಡಿಮೆ ಮಾಡಿ. ನೀರಿನ ವಿಷಯಕ್ಕೆ ಒಂದೇ ಮಂತ್ರ: "ಮಣ್ಣಿಗೆ ಬೆರಳು ಹಾಕಿ ನೋಡಿ. ಒಣಗಿದ್ರೆ ಹಾಕಿ, ಒದ್ದೆ ಇದ್ರೆ ಬಿಡಿ." ಯಾರ ಮನೆಗೂ ಹೋಗುತ್ತಿರಲಿಲ್ಲ. "ಎಲೆ ಸುಳ್ಳು ಹೇಳಲ್ಲ" ಅನ್ನುತ್ತಿದ್ದ. ಎಲೆ ಹೇಳದೆ ಬಿಡುವುದೂ ಇರುತ್ತೆ ಅಂತ ಈ ಮಹಾಶಯನಿಗೆ ಯಾರು ಹೇಳಬೇಕು!

ಹಿಂದಿನ ಬೀದಿಯ ಟೈಲರಮ್ಮ ಒಂದು ದಿನ ನಿಂಬೆಯ ಹಳದಿ ಎಲೆ ತಂದಳು. ಬಸ್ ಡ್ರೈವರ್ ಆಗಿದ್ದ ಅವಳ ಗಂಡ ಬೀಜ ಊರಿ ಬೆಳೆಸಿದ ಗಿಡ. "ಇದು ಕಾಯಿ ಬಿಡೋ ಹೊತ್ತಿಗೆ ನಮ್ಮ ಹಲ್ಲು ಉದುರಿರುತ್ತೆ" ಅಂತ ಅವಳು ಅಣಕಿಸಿದರೂ, ಅವನು ಡ್ಯೂಟಿಗೆ ಹೊರಡುವಾಗ ದಿನಾ ಬಾಲ್ಕನಿಗೆ ಇಣುಕಿ "ಏನಮ್ಮ, ಇನ್ನೂ ಮನಸ್ಸಾಗ್ಲಿಲ್ವಾ?" ಅಂತ ಗಿಡವನ್ನೇ ಕೇಳುತ್ತಿದ್ದನಂತೆ. ಹಲ್ಲು ಉದುರುವಷ್ಟು ಆಯಸ್ಸು ಅವನಿಗೆ ಸಿಗಲಿಲ್ಲ. ಅವನು ಹೋಗಿ ಎರಡು ವರ್ಷಕ್ಕೆ ಗಿಡ ಮೊದಲ ಸಲ ಹೂವಾಗಿ, ನಾಲ್ಕು ಕಾಯಿ ಕಚ್ಚಿತ್ತು.

"ಒಂದೇ ಒಂದು ಹಣ್ಣಾದ್ರೆ ಸಾಕು ಅಣ್ಣ, ಇನ್ನೇನೂ ಬೇಡ," ಅಂದಳು.

ಕಬ್ಬಿಣದ ಅಂಶ ಸಾಲದು ಅಂತ ಒಂದು ಪುಡಿ ಕೊಟ್ಟ, ಬೆರಳಿನ ಮಂತ್ರವನ್ನೂ ಹೇಳಿದ. ಮುಂದಿನ ವಾರಕ್ಕೆ ಎರಡು ಕಾಯಿ ಉದುರಿದ್ದವು.

"ಬೆರಳು ಹಾಕಿ ನೋಡ್ತಿದ್ದೀಯಾ?"

"ದಿನಾ ನೋಡ್ತೀನಿ. ಒಣಗೇ ಇರುತ್ತೆ, ಒಂದು ಚೊಂಬು ಹಾಕ್ತೀನಿ. ಒಂದ್ಸಲ ನೀವೇ ಬಂದು ನೋಡ್ತೀರಾ ಅಣ್ಣ?"

"ಎಲೆ ನೋಡಿದ್ನಲ್ಲಮ್ಮ, ಇನ್ನು ಗಿಡ ನೋಡೋದೇನು?" ಅಂತ ಇನ್ನೊಂದು ಪುಡಿ ಕೊಟ್ಟು ಕಳಿಸಿದ.

ಮೂರನೇ ವಾರ ಅವಳು ಬರಿಗೈಯಲ್ಲಿ ಬಂದಳು. "ಎಲೆನೇ ಇಲ್ಲ ಅಣ್ಣ, ಏನಂತ ತರ್ಲಿ?" ಅಂದವಳು ಅಂಗಡಿ ಮುಂದೆಯೇ ಅತ್ತುಬಿಟ್ಟಳು. ಎಲೆ ಡಾಕ್ಟರ್ ಷಟರ್ ಎಳೆದು, ಚಪ್ಪಲಿ ಮೆಟ್ಟಿ, ಅವಳ ಹಿಂದೆಯೇ ಹೊರಟ.

ಹೊಲಿಗೆ ಮೆಷಿನ್ನಿನ ಕೋಣೆ ದಾಟಿದರೆ ಬಾಲ್ಕನಿ. ಸುಡು ಬಿಸಿಲು. ಸಿಮೆಂಟಿನ ಕುಂಡದಲ್ಲಿ ಬೋಳು ಕಡ್ಡಿಗಳು, ತುದಿಯಲ್ಲೊಂದು ಸುಕ್ಕುಗಟ್ಟಿದ ಕಾಯಿ. ಬೆರಳು ಹಾಕಿದ, ಮಣ್ಣು ಒಣಗಿತ್ತು. ಅನುಮಾನವಾಗಿ ಒಂದು ಕೋಲನ್ನು ಆಳಕ್ಕೆ ಚುಚ್ಚಿ ಎಳೆದ. ಕಪ್ಪು ಕೆಸರು ಮೆತ್ತಿಕೊಂಡು ಬಂತು, ಚರಂಡಿಯ ವಾಸನೆ.

"ನೀರು ಎಲ್ಲಿಂದ ಇಳಿಯುತ್ತಮ್ಮ ಇದಕ್ಕೆ?"

"ಇಳಿಯಲ್ಲ ಅಣ್ಣ. ಒಣಹಾಕಿದ ಬಟ್ಟೆ ಮೇಲೆ ಮಣ್ಣುನೀರು ಬೀಳುತ್ತೆ ಅಂತ ಎರಡು ತಿಂಗಳ ಹಿಂದೆ ಕೆಳಗಿನ ಮನೆಯವರು ಜಗಳಕ್ಕೆ ಬಂದ್ರು. ಗಾರೆಯವರನ್ನ ಕರೆಸಿ ತಳದ ತೂತಿಗೆ ಸಿಮೆಂಟು ತುಂಬಿಸಿಬಿಟ್ಟೆ."

"ಅಯ್ಯೋ, ಮೊದಲೇ ಯಾಕಮ್ಮ ಹೇಳಲಿಲ್ಲ?"

"ನೀವು ಕೇಳಲಿಲ್ವಲ್ಲ ಅಣ್ಣ."

ಬೆರಳು ಮುಟ್ಟುವಷ್ಟೂ ಒಣಮಣ್ಣು, ಅದರಡಿಗೆ ಕೆರೆ. ಹೇಳಿದ ಮಾತು ಮೀರದೆ, ಪಾಪ, ಅವಳು ದಿನಾ ಒಂದೊಂದು ಚೊಂಬು ಸುರಿದಿದ್ದಳು. ಇಬ್ಬರೂ ಸೇರಿ ಕುಂಡ ಮಗುಚಿದರು. ಬೇರಿನ ಸಿಪ್ಪೆ ಹಿಡಿದಲ್ಲೆಲ್ಲ ಕೈಗೇ ಜಾರಿ ಬಂತು. ಜೀವ ಇರುವ ಬಿಳಿ ಬೇರು ಒಂದಾದರೂ ಸಿಕ್ಕೀತೇನೋ ಅಂತ ಅವನು ಅರ್ಧ ಗಂಟೆ ಕೆಸರಿನಲ್ಲಿ ಹುಡುಕಿದ. ಸಿಗಲಿಲ್ಲ.

"ಮೊದಲ ದಿನವೇ ನೀವು ನೋಡಿದ್ರೆ ಉಳೀತಿತ್ತಾ ಅಣ್ಣ?"

ಸುಳ್ಳು ಹೇಳಬಹುದಿತ್ತು.

"ಉಳೀತಿತ್ತಮ್ಮ."

ಬೈಯಲಿ ಅಂತ ತಲೆ ತಗ್ಗಿಸಿ ಕೂತ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, ಅವನ ಕೈಗೆ ಹುಯ್ದು, ಟವೆಲ್ ಕೊಟ್ಟಳು.

"ಹೋಗ್ಲಿ ಬಿಡಿ. ಅಂಗಡಿ ಬಿಟ್ಟು ಬರೋಕೆ ನಿಮಗೂ ಪುರುಸೊತ್ತು ಬೇಕಲ್ಲ ಅಣ್ಣ."

ಆ ಎರಡು ವಾರವೂ ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದೆ ಅಂತ ಅವಳಿಗೆ ಹೇಳುವ ಧೈರ್ಯ ಎಲೆ ಡಾಕ್ಟರಿಗೆ ಬರಲಿಲ್ಲ.