ಕೋಡಿ ಕಡೆಯ ಎಣಿಕೆ

ಆಗಿನ ಕಾಲವೇ ಚೆನ್ನಾಗಿತ್ತು ಎಂದು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅರವತ್ತರ ದಶಕದ ಶುರುವಿನಲ್ಲಿ, ಬಾಗೂರಿನ ಹತ್ತಿರದ ನಮ್ಮೂರಿನಲ್ಲಿ ಚಳಿಗಾಲ ಬಂತೆಂದರೆ ಓಣಿ ತುಂಬ ಅವರೆಕಾಯಿ ಸೊಗಡು, ಕೆರೆ ತುಂಬ ಹೆಬ್ಬಾತು. ಅಷ್ಟು ಮಾತ್ರ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ನಮ್ಮ ಶಾಲೆಯ ಮೇಷ್ಟ್ರು ಮಕ್ಕಳನ್ನು ಹಕ್ಕಿ ಎಣಿಸಲು ಕೆರೆಗೆ ಕರೆದೊಯ್ಯುತ್ತಿದ್ದರು. ಹಕ್ಕಿಗೆ ಜಾತಿಯಿಲ್ಲ ಎಂದು ದಾರಿಯುದ್ದಕ್ಕೂ ಪಾಠ. ಕೆರೆ ಮುಟ್ಟಿದ ಮೇಲೆ ಗೌಡರ ಮಕ್ಕಳು ತೂಬಿನ ಹತ್ತಿರ, ಮೇಷ್ಟ್ರ ಪಕ್ಕ. ನಮ್ಮ ಕೇರಿಯವರು ದೂರದ ಕೋಡಿಯ ಹತ್ತಿರ, ಜಾಲಿ ಮುಳ್ಳಿನ ನಡುವೆ. ಇದ್ದ ಒಂದು ದುರ್ಬೀನು ತೂಬು ಬಿಟ್ಟು ಈಚೆಗೆ ಬಂದದ್ದೇ ಇಲ್ಲ. ಆದರೆ ಮೇಷ್ಟ್ರ ಏರ್ಪಾಡು ಬಾತುಗಳಿಗೆ ಗೊತ್ತಿರಲಿಲ್ಲ. ಅವು ಬಂದು ಕೂರುತ್ತಿದ್ದದ್ದು ನಮ್ಮ ಕಡೆಗೇ.

ಹತ್ತು ಬಾತಿಗೆ ಒಂದು ಹುಣಸೆಬೀಜವನ್ನು ಮಡಿಲಿಗೆ ಹಾಕಿಕೊಳ್ಳುವುದು ನಮ್ಮ ಲೆಕ್ಕ. ನನ್ನ ಚಿಕ್ಕವ್ವನ ಮಗಳು ಸಣ್ಣಿಯಷ್ಟು ಚೆನ್ನಾಗಿ ಯಾರೂ ಎಣಿಸುತ್ತಿರಲಿಲ್ಲ. ಒಂದು ಭಾನುವಾರ ಹುರಿದ ಬೀಜ ಒಯ್ದು, ಹಸಿವು ತಡೆಯದೆ, ಎಣಿಕೆ ಮುಗಿಯುವ ಮೊದಲೇ ಅರ್ಧ ಲೆಕ್ಕವನ್ನು ಅಗಿದು ತಿಂದುಬಿಟ್ಟಿದ್ದೆವು. ಆ ದಿನ ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಅಂದಿನಿಂದ ಹಲ್ಲಿಗೆ ಬಗ್ಗದ ಹಸಿ ಬೀಜವನ್ನೇ ಒಯ್ಯುತ್ತಿದ್ದೆವು.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಸಂಜೆ ಕೆರೆ ಕಡೆಯಿಂದ ಕೋವಿಯ ಸದ್ದು ಕೇಳಿಸಿತು. ಆಮೇಲೆ ಚಿಕ್ಕವ್ವ ಗೌಡರ ಹಿತ್ತಿಲಿನ ಕೆಲಸ ಮುಗಿಸಿ ಬಂದಳು. ಸೀರೆಗೆಲ್ಲ ಪುಕ್ಕ ಅಂಟಿತ್ತು, ಮೈಯೆಲ್ಲ ಸುಟ್ಟ ಗರಿಯ ವಾಸನೆ.

"ಗೌಡ್ರ ನಂಟ್ರು ಕೋವಿ ತಂದವ್ರೆ. ಬಾತಿನ ಪುಕ್ಕ ಕಿತ್ತೂ ಕಿತ್ತೂ ಕೈಬೆಳ್ಳೇ ಬಿದ್ದೋದ್ವು ಕಣಕ್ಕಾ," ಎಂದು ನನ್ನ ಅವ್ವನಿಗೆ ಹೇಳಿದಳು. "ಮೇಷ್ಟ್ರೂ ಉಣ್ಣಾಕೆ ಬಂದವ್ರೆ. ಕೋಡಿ ತಾವ ಕೂರ್ತವೆ ಅಂತ ಏಳ್ಕೊಟ್ಟಿದ್ದೇ ಅವ್ರಂತೆ."

ಮಾರನೆಯ ಬೆಳಿಗ್ಗೆ ಕೋಡಿಯ ಹತ್ತಿರ ಬಾತುಗಳು ಕಾಲುಭಾಗವೂ ಇರಲಿಲ್ಲ. ಸಣ್ಣಿ ಇದ್ದಷ್ಟನ್ನು ಹೇಳಿದಳು. ಮೇಷ್ಟ್ರು ಬರೆದುಕೊಳ್ಳಲಿಲ್ಲ.

"ಮತ್ತೆ ಲೆಕ್ಕ ತಿಂದೆಯೇನೇ? ನಿಮ್ಮ ಕೇರಿಯವರ ಬುದ್ಧಿಯೇ ಇಷ್ಟು," ಎಂದು, ದೂರದಿಂದಲೇ ಬೆತ್ತ ತೋರಿಸಿ, ಎಲ್ಲರ ಮುಂದೆ ಅವಳ ಬಾಯಿ ತೆರೆಸಿದರು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಯ ಕೈಯಲ್ಲಿ ಬೆತ್ತವಾದರೂ ಇರಲಿಲ್ಲ. ಗೌಡರ ಮಕ್ಕಳು ಬಗ್ಗಿ ಬಗ್ಗಿ ಅವಳ ಬಾಯೊಳಗೆ ನೋಡುತ್ತಿದ್ದರು.

"ಅವ್ಳು ತಿಂದಿಲ್ಲ ಸಾ," ಎಂದೆ ನಾನು. "ನೀವು ತಿಂದ್ರಿ, ನೆನ್ನೆ, ಗೌಡ್ರ ಮನೇಲಿ."

ಬೆತ್ತ ನನ್ನ ಮೇಲೆ ಬಿತ್ತು. ಬೀಳಲಿ, ಆಡಿದ್ದು ಸುಳ್ಳಲ್ಲ, ಇವತ್ತೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮಧ್ಯಾಹ್ನದೊಳಗೆ ಅದು ಗೌಡರ ಕಿವಿ ಮುಟ್ಟಿತು. ಹಿತ್ತಿಲಿನ ಸುದ್ದಿ ಹೊರಗೆ ತಂದವಳು ಯಾರೆಂದು ತಿಳಿಯಲು ಅವರಿಗೇನು ಕಷ್ಟ? "ಕೂಲಿ ಬೇಕೋ, ಮಗ್ಳಿಗೆ ಇಸ್ಕೂಲ್ ಬೇಕೋ, ಯಾವ್ದು ಅಂತ ಏಳು," ಎಂದು ಚಿಕ್ಕವ್ವನನ್ನು ಕೇಳಿದರಂತೆ.

ಚಿಕ್ಕವ್ವ ನನ್ನನ್ನು ಬಯ್ಯಲಿಲ್ಲ. "ನಿಮ್ಮಪ್ಪಂಗೆ ಆಸನ ಪ್ಯಾಟೇಲಿ ಜವಾನ್ ಕೆಲ್ಸ ಐತೆ ಕಣವ್ವಾ, ನೀನು ಓದ್ತೀಯ. ನಮ್ಗೇನೈತೆ?" ಎಂದಳು. ಸೋಮವಾರ ನಾನು ಶಾಲೆಗೆ ಹೋಗುವಾಗ ಸಣ್ಣಿ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ತಲೆ ಎತ್ತಲಿಲ್ಲ.

ಈಗ ಆ ಕೆರೆಯ ತುಂಬ ಜೊಂಡು, ಹೆಬ್ಬಾತು ಅಪರೂಪ. ಚಳಿಗಾಲದಲ್ಲಿ ಹಾಸನದಿಂದ ಹಕ್ಕಿ ಎಣಿಸುವವರು ಕ್ಯಾಮೆರಾ ನೇತುಹಾಕಿಕೊಂಡು ಬರುತ್ತಾರೆ. ಹಳಬಳೆಂದು ನನ್ನನ್ನು ಹುಡುಕಿಕೊಂಡು ಬಂದು, ಆಗ ಎಷ್ಟಿದ್ದವು ಎಂದು ಕೇಳುತ್ತಾರೆ. ಹೇಳುತ್ತೇನೆ. ಎಷ್ಟೊಂದು ಕಳೆದುಕೊಂಡೆವು ಎಂದು ಲೊಚಗುಟ್ಟುತ್ತಾರೆ. ಎಣಿಸಿದವಳು ಸಣ್ಣಿ ಎನ್ನುತ್ತೇನೆ. ಹೆಸರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅವಳು ಏನಾದಳು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.