ಹದಿನೆಂಟು ಕಾರ್ಡು

ಬಂಡ್ರಿಯ ಎರ್ರಿಯಪ್ಪನಿಗೆ ಹಲ್ಲಿನ ಡಾಕ್ಟರೆಂದರೆ ನಗು. ಹಲ್ಲುನೋವೆಂದು ಆಸ್ಪತ್ರೆಗೆ ಹೋದ ಗಂಡಸನ್ನು ಅವನು ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದ. ಸಂಡೂರಿನ ಕಡೆ ಅದಿರಿನ ಲಾರಿಗಳಿಗೆ ತಾಡಪಾಲು ಕಟ್ಟುವ ಗುಂಪಿಗೆ ಅವನೇ ಮೇಸ್ತ್ರಿ. ಅವನೂ ಸೇರಿ ಹದಿನೆಂಟು ಜನ. ಲಾರಿಯ ಮೇಲೆ ನಿಂತು, ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿಯುವುದೇ ಅವರಿಗೊಂದು ಹೆಮ್ಮೆ. ಎಲ್ಲರ ದವಡೆಯಲ್ಲೂ ಬೆಳಗಿನಿಂದ ಸಂಜೆವರೆಗೆ ಗುಟ್ಕಾ. ಕೆಂಪು ದೂಳಿಗೆ ಅದೇ ಔಷಧ ಎಂದು ಹೊಸಬರಿಗೆ ಕಲಿಸಿದವನೂ ಈ ಮಹಾರಾಯನೇ.

ಎರಡು ವರ್ಷದ ಹಿಂದೆ ಗುತ್ತಿಗೆದಾರ ಅಲ್ಲೇ ಗುಡಾರ ಹಾಕಿಸಿ ಹಲ್ಲು ತಪಾಸಣೆ ಇಡಿಸಿದ. ಡಾಕ್ಟರು ಎಳೆ ವಯಸ್ಸಿನ ಹುಡುಗಿ. ಕಲ್ಲಿನಂಥ ಗಂಡಸರೆಲ್ಲ ಲಾರಿಯ ಮರೆಗೆ ಸರಿದು ನಿಂತರು.

"ಆ ಹುಡಿಗಿ ಮುಂದ ಈ ಹೊಲಸು ಬಾಯಿ ತೆರೀಬೇಕೇನ್ರಿ? ಬ್ಯಾಡ್ರಿ ಮೇಸ್ತ್ರಿ," ಎಂದ ಓಬಳಪ್ಪ.

ಎರ್ರಿಯಪ್ಪ ನಕ್ಕ. ಡಾಕ್ಟರು ಊಟಕ್ಕೆ ಎದ್ದ ಹೊತ್ತಿಗೆ ಗುಡಾರಕ್ಕೆ ಹೋಗಿ, ಮನೆಗೆ ಹೋಗುವ ಅವಸರದಲ್ಲಿದ್ದ ಕಾಂಪೌಂಡರನ ಕೈಯಿಂದ ಮುದ್ರೆ ಒತ್ತಿದ ಹದಿನೆಂಟು ಖಾಲಿ ತಪಾಸಣೆ ಕಾರ್ಡು ತಂದ. ಚಹಾದಂಗಡಿಯಲ್ಲಿ ಕೂತು ಹೆಸರು ಬರೆದು, ಪ್ರತಿಯೊಂದಕ್ಕೂ 'ತೊಂದರೆ ಇಲ್ಲ' ಎಂದು ಗೀಚಿದ. ಒಬ್ಬನ ಬಾಯನ್ನೂ ಯಾರೂ ನೋಡಲಿಲ್ಲ. ಮೇಸ್ತ್ರಿ ಅಂದ್ರ ಹಿಂಗಿರಬೇಕು ಎಂದು ಎಲ್ಲರೂ ಬೆನ್ನು ತಟ್ಟಿದರು.

ಈಗ ಆ ಗುಂಪಿನ ಯಲ್ಲೇಶನಿಗೆ ರೊಟ್ಟಿ ಚೂರು ಒಳಗೆ ಹೋಗುತ್ತಿಲ್ಲ. ಖಾರ ಸೋಕಿದರೆ ಕಣ್ಣಲ್ಲಿ ನೀರು. ಚಿತ್ತವಾಡ್ಗಿಯ ಮನೆಯಿಂದ ಅವನನ್ನೂ ಅವನ ಹೆಂಡತಿ ಚಂದ್ರಕಲಾಳನ್ನೂ ಆಟೋದಲ್ಲಿ ಹೊಸಪೇಟೆಯ ಒಬ್ಬ ದಂತವೈದ್ಯೆಯ ಬಳಿಗೆ ಎರ್ರಿಯಪ್ಪನೇ ಕರೆತಂದಿದ್ದ. ಡಾಕ್ಟರು ಬಾಯಿ ತೆರೆಯಲು ಹೇಳಿದರು. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ.

"ಇದು ಒಂದಿನದ್ದಲ್ಲ. ಎರಡು ವರ್ಷದ ಹಿಂದೆ ಬಾಯಿ ತೋರಿಸಿದ್ರೂ ಕಾಣಿಸ್ತಿತ್ತು. ಆಗ್ಲೇ ಗುಟ್ಕಾ ಬಿಟ್ಟಿದ್ರೆ ಇಷ್ಟಕ್ಕೆ ಬರ್ತಿರ್ಲಿಲ್ಲ. ಒಳಗೊಂದು ಗಾಯ ಇದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು," ಎಂದರು.

ಚಂದ್ರಕಲಾ ಚೀಲದಿಂದ ಕಾರ್ಡು ತೆಗೆದಳು. "ಆಗ ತೋರ್ಸ್ಯಾರ‍್ರಿ ಮೇಡಂ. ಏನೂ ಇಲ್ಲಂತ ಬರ್ದು ಕೊಟ್ಟಾರ ನೋಡ್ರಿ."

ಕಾರ್ಡಿನ ಮೇಲೆ ಎರ್ರಿಯಪ್ಪನದೇ ಅಕ್ಷರ. ಯಲ್ಲೇಶನಿಗೆ ಎಲ್ಲವೂ ಗೊತ್ತು. ಆದರೂ ಅವನು ಮೇಸ್ತ್ರಿಯ ಹೆಸರೆತ್ತಲಿಲ್ಲ, ನೆಲ ನೋಡುತ್ತ ಕೂತ. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮರ್ಯಾದೆಯನ್ನು ಎರ್ರಿಯಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

"ಅದನ್ನ ಬರ್ದಾವ ನಾನವ್ವ. ಇವನ ಬಾಯಿ ಯಾರೂ ನೋಡಿಲ್ಲ."

ಚಂದ್ರಕಲಾ ಅವನನ್ನೇ ನೋಡಿದಳು. "ಗುಟ್ಕಾ ಬಿಡು ಅಂತ ದಿನಾ ಜಗಳಾಡ್ತಿದ್ದೆ ಅಣ್ಣ. ಈ ಕಾರ್ಡ್ ಬಂದ ಮ್ಯಾಲೆ ಜಗಳಾಡಾದು ಬಿಟ್ಟೆ."

ಎರ್ರಿಯಪ್ಪ ಕಾರ್ಡಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

ಅದನ್ನು ಚೀಲಕ್ಕೆ ಹಾಕಿಕೊಂಡು ಕೇಳಿದಳು: "ಉಳಿದವರ ಮನ್ಯಾಗೂ ಹಿಂಗ ನಂಬ್ಕಂಡು ಕುಂತಾರಲ್ಲ, ಅವರಿಗೆ ಯಾರು ಹೇಳ್ತಾರ?"

ಅದುವರೆಗೆ ಅವನಿಗೆ ಅದು ಹೊಳೆದೇ ಇರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಮೊದಲು ಓಬಳಪ್ಪನ ಮನೆಗೆ ಫೋನು ಹಚ್ಚಿದ. ಎತ್ತಿದವಳು ಅವನ ಹೆಂಡತಿ ಮರುಳಸಿದ್ದಮ್ಮ. ಎರ್ರಿಯಪ್ಪ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

"ಹಂಗಾರ ನಮ್ಮನ್ಯಾರ ನಾಲಿಗಿ ಮ್ಯಾಲಿನ ಹುಣ್ಣು," ಎಂದಳು ಅವಳು, "ಮೂರು ತಿಂಗ್ಳಾತು ಆರವಲ್ದು. ಅದೇನ್ರಿ ಮೇಸ್ತ್ರಿ?"