ಸಿರಿಲನ ಬೆರಳು, ಟಿಲ್ಕಜ್ಜಿಯ ಹಾಡು

ಸಿರಿಲ್ ಲೆಬಾನ್ ನನ್ನ ಶಾಲೆಯಲ್ಲಿ ಓದಿದ ಹುಡುಗ. ಬೆಳೆದ ಮೇಲೆ ದೂರವಾಣಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ; ಭಾನುವಾರ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಸೋಚಾ ನದಿಯ ನಮ್ಮ ದಂಡೆಯಲ್ಲಿ ಸಾವಿನ ಮನೆಯ ಹಳೆಯ ಹಾಡುಗಳನ್ನು ಬಲ್ಲವಳು ಟಿಲ್ಕಜ್ಜಿ ಒಬ್ಬಳೇ. ಅವಳಿಂದ ಅವುಗಳನ್ನು ಕಲಿತವನು ಇವನೊಬ್ಬನೇ. ಅಜ್ಜಿ ತೀರಿಕೊಂಡ ವರ್ಷವೇ ಇವನಿಗೆ ನಡುಕದ ರೋಗ ಹತ್ತಿತು.

ಆರ್ಗನ್ ನಿಂತಿತು, ಪೆನ್ನು ನಿಂತಿತು. ಹಾಡಲು ಹೋದರೆ ಗಂಟಲೂ ನಡುಗುತ್ತಿತ್ತು. ಸ್ವರಗಳ ಹೆಸರು ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದೆ. “ಅದು ಬಾಯಲ್ಲಿಲ್ಲ ಮೇಷ್ಟ್ರೇ, ಬೆರಳಲ್ಲಿದೆ” ಎಂದ.

ಸ್ವರಗಳನ್ನು ಅಕ್ಷರಗಳಾಗಿ ಟೈಪ್ ಮಾಡಿದರೆ ಸಂಗೀತ ಬರೆಯುವ ಐದು ಗೆರೆಗಳ ಮೇಲೆ ಅಚ್ಚಾಗಿ ಬರುವ ಕಂಪ್ಯೂಟರ್ ಭಾಷೆಯೊಂದಿದೆ. ಅವನು ಅದನ್ನೇ ನಂಬಿದ. ಆದರೆ ಬೆರಳು ಒಂದೇ ಕೀಲಿಯನ್ನು ಮತ್ತೆ ಮತ್ತೆ ಬಡಿಯುತ್ತಿತ್ತು. ಅದಕ್ಕಾಗಿ ತಾನು ಟೈಪ್ ಮಾಡುವ ಎಡಿಟರ್ ತಂತ್ರಾಂಶಕ್ಕೆ ತಾನೇ ಒಂದು ಜೋಡಣೆಯನ್ನು, ಪುಟ್ಟ ಪ್ರೋಗ್ರಾಮನ್ನು, ಬರೆಯತೊಡಗಿದ: ತೆರೆದ ಆವರಣ ಚಿಹ್ನೆ ತಾನಾಗಿ ಮುಚ್ಚಬೇಕು, ತಪ್ಪಿದ ಸಾಲು ಕೆಂಪಾಗಬೇಕು, ಬೆನ್ನಿಗೇ ಬಂದ ಅದೇ ಸ್ವರ ಅಳಿಯಬೇಕು. ಚಳಿಗಾಲವೆಲ್ಲ ಅದರಲ್ಲೇ ಕಳೆಯಿತು.

“ಹಾಡು ಬರಿ ಅಂದ್ರೆ ಪೆನ್ನು ಮಾಡ್ತಾ ಕೂತಿದ್ದೀಯಲ್ಲ ಮಾರಾಯ” ಎಂದು ಹೆಂಡತಿ ಇವಾಂಕ ಸೂಪು ಕುಡಿಸುತ್ತ ಗೊಣಗುತ್ತಿದ್ದಳು.

ವಸಂತದಲ್ಲಿ ಅಚ್ಚಾದ ಹಾಳೆಗಳನ್ನು ಚರ್ಚಿನ ಗಾಯನಮಂಡಳಿಗೆ ಕೊಟ್ಟ. ಮೊದಲ ಹಾಡು ಸಾವಿನ ಗಂಟೆಯಂತೆ ಒಂದೇ ಸ್ವರವನ್ನು ಮೂರು ಸಲ ಹಿಡಿದು ಆರಂಭವಾಗುತ್ತದೆ. ಮಂಡಳಿ ಹಾಡಿದ್ದು ಒಂದೇ ಸಲ. ಹಾಳೆಯಲ್ಲಿ ಇದ್ದದ್ದೂ ಅಷ್ಟೇ. ನಡುಕವೆಂದು ತಿಳಿದು ಜೋಡಣೆಯು ಹಾಡನ್ನೇ ಅಳಿಸಿತ್ತು. ಎಲ್ಲ ಹಾಳೆಗಳಲ್ಲೂ ಹೀಗೆಯೇ.

ಸಿರಿಲ್ ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡ. “ಯಾವುದು ನನ್ನ ಕೈ, ಯಾವುದು ಅಜ್ಜಿ ಹಾಡು ಅಂತ ಅದಕ್ಕೆ ಹೆಂಗೆ ಹೇಳಲಿ ಮೇಷ್ಟ್ರೇ?”

ಕಾಲಲ್ಲೂ ಆರ್ಗನ್ ನುಡಿಸುತ್ತಿದ್ದವನಿಗೆ ಕಾಲಿದೆಯಲ್ಲ ಎಂದವಳು ಇವಾಂಕ. ತನ್ನ ವಿದ್ಯುತ್ ಹೊಲಿಗೆ ಯಂತ್ರದ ಪೆಡಲನ್ನೇ ಕಿತ್ತು ತಂದಳು. ಅವನು ಅದನ್ನು ಕಂಪ್ಯೂಟರಿಗೆ ಜೋಡಿಸಿದ. ಕಾಲು ಒತ್ತಿದಾಗ ಮಾತ್ರ ಅದೇ ಸ್ವರ ಮತ್ತೆ ಬೀಳಬೇಕು. ಮೊದಲ ಹಾಡಿಗೆ ಅದರ ಮೂರು ಗಂಟೆಗಳೂ ಮರಳಿ ಬಂದವು.

ಎರಡನೆಯ ಹಾಡಿನ ನಡುವೆ ನಾನು ಪಕ್ಕದಲ್ಲಿದ್ದೆ. ಪರದೆಯ ಮೇಲೆ ಒಂದೇ ಸ್ವರ ಸಾಲುಗಟ್ಟಿ ಬೀಳುತ್ತ ಹೋಯಿತು. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಪೆಡಲಿನ ಮೇಲೆ ಪಾದ ನಡುಗುತ್ತಿತ್ತು.

ಸಿರಿಲ್ ಕೀಲಿಮಣೆಯಿಂದ ಕೈ ತೆಗೆದ. ಇವಾಂಕ ನೆಲದ ಮೇಲೆ ಕುಳಿತು, ಅವನ ಪಾದವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಪೆಡಲಿನ ಮೇಲೆ ತನ್ನ ಅಂಗೈ ಊರಿದಳು.

“ಅದೇ ಸ್ವರ ಮತ್ತೆ ಬೇಕಾದಾಗ ‘ಈಗ’ ಅನ್ನು, ಒತ್ತುತೀನಿ” ಎಂದಳು.